ಅತ್ತೆ ಉಣ್ಣಲೆಂದು ನಾವು ಉಂಡದ್ದು

ಆ ವರ್ಷ ನಮ್ಮ ಮನೆಯಲ್ಲಿ ಕ್ಯಾನ್ಸರ್ ಬಂದದ್ದು ಅತ್ತೆಗೆ, ತೂಕ ಏರಿದ್ದು ನನಗೂ ನನ್ನ ಗಂಡನಿಗೂ. ಹೀಗೆಂದರೆ ಜನ ನಗುತ್ತಾರೆ. ನಗಲಿ ಬಿಡಿ, ನಾವೂ ನಕ್ಕಿದ್ದೇವೆ.

ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ನಾವು ಮೂವರಿದ್ದೆವು. ಗಂಡ ಹೆಂಡತಿ ಇಬ್ಬರದೂ ಸಾಫ್ಟ್‌ವೇರ್ ಕೆಲಸ. ಆಗ ಹೈದರಾಬಾದಿನಲ್ಲಿ ಬೆಳಗಾದರೆ ಸಾಕು, ಕಂಪನಿ ಕ್ಯಾಬುಗಳು ಬಂದು ಹಾರ್ನ್ ಹೊಡೆಯದ ಬೀದಿಯೇ ಇರಲಿಲ್ಲ. ನಾನು ಮೈಸೂರಿನವಳು, ಅತ್ತೆ ರಾಯಚೂರಿನ ಕಡೆಯವರು. ಅವರ ಮನೆತನದ ಹೆಂಗಸರಿಗೆ ಒಂದು ಕಟ್ಟು: ಮನೆಯಲ್ಲಿ ಎಲ್ಲರೂ ಉಂಡು ಕೈ ತೊಳೆಯುವ ತನಕ ತಾವು ತಟ್ಟೆ ಮುಟ್ಟುವಂತಿಲ್ಲ. ಮಗ ಆಫೀಸಿನಿಂದ ಎಷ್ಟು ತಡವಾಗಿ ಬಂದರೂ ಅಷ್ಟೇ. ಮದುವೆಯಾದ ಹೊಸದರಲ್ಲೇ ಈ ವಿಷಯಕ್ಕೆ ಜಗಳ ತೆಗೆದು ಸೋತವಳು ನಾನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅತ್ತೆಗೆ ಸಿಟ್ಟೇ ಬರುವುದಿಲ್ಲ. ಅಂಥವರ ಹತ್ತಿರ ಜಗಳ ಗೆಲ್ಲುವುದು ಹೇಗೆ ಹೇಳಿ.

ಒಂದು ದಿನ ಅವರ ಕಣ್ಣುಗಳು ಹಳದಿಯಾಗಿ ಕಂಡವು. ಕಾಮಣಿ, ನಾಟಿ ಔಷಧ ಕುಡಿಸಿ, ಪಥ್ಯ ಮಾಡಿಸಿ ಎಂದು ಊರಿನಿಂದ ಫೋನಿನ ಮೇಲೆ ಫೋನು. ನಾನು ಯಾರ ಮಾತಿಗೂ ಸೊಪ್ಪು ಹಾಕದೆ ಸ್ಕ್ಯಾನ್ ಮಾಡಿಸಿದೆ. ಮೇದೋಜೀರಕ ಗ್ರಂಥಿಯ ತಲೆಯಲ್ಲಿ ಗಡ್ಡೆ ಬೆಳೆದು ಪಿತ್ತ ಇಳಿಯುವ ದಾರಿಯನ್ನು ಅಡ್ಡಗಟ್ಟಿತ್ತು. ಕ್ಯಾನ್ಸರ್. ಅಕ್ಕಪಕ್ಕದ ದೊಡ್ಡ ರಕ್ತನಾಳಗಳಿಗೆ ಇನ್ನೂ ಹಬ್ಬಿಲ್ಲ, ಹಾಗಾಗಿ ಕೊಯ್ದು ತೆಗೆಯಬಹುದು, ಆದರೆ ತಡ ಮಾಡಬೇಡಿ ಎಂದರು ಸರ್ಜನ್.

ಅವರು ತಮ್ಮ ಬೆರಳುಗಳನ್ನೇ ಕರುಳು ಮಾಡಿ ಹಿಂದಿಯಲ್ಲಿ ವಿವರಿಸಿದರು. ಗ್ರಂಥಿಯ ತಲೆ, ಅದನ್ನು ತಬ್ಬಿಕೊಂಡಿರುವ ಸಣ್ಣ ಕರುಳಿನ ಮೊದಲ ಬಾಗು, ಪಿತ್ತಕೋಶ, ಪಿತ್ತನಾಳದ ಒಂದು ತುಂಡು, ಇಷ್ಟನ್ನೂ ತೆಗೆಯಬೇಕು. ಆಮೇಲೆ ಉಳಿದ ಗ್ರಂಥಿಯನ್ನು, ನಾಳವನ್ನು, ಹೊಟ್ಟೆಯನ್ನು ಒಂದೊಂದಾಗಿ ಕರುಳಿಗೆ ಹೊಲಿದು ಕೂಡಿಸಬೇಕು. ಕೇಳುತ್ತ ನನ್ನ ಗಂಡನ ಮುಖ ಬಿಳಿಚಿಕೊಂಡಿತು. ಅತ್ತೆ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, ಡಾಕ್ಟರು ಮಧ್ಯಾಹ್ನ ಉಂಡಿದ್ದಾರೋ ಇಲ್ಲವೋ ವಿಚಾರಿಸು ಎಂದು ಮಗನಿಗೆ ಹೇಳಿದರು. ಸಂಜೆಯಾಗಿತ್ತು, ಪಾಪ ಅವರು ಉಂಡಿರಲಿಲ್ಲ. ಅತ್ತೆಯ ಚೀಲದಿಂದ ಶೇಂಗಾ ಹೋಳಿಗೆ ಹೊರಬಂತು. ಅಷ್ಟು ದೊಡ್ಡ ಸರ್ಜನ್ ನಿಂತಲ್ಲೇ ತಿಂದು ಮುಗಿಸಿದರು.

ಆಪರೇಷನ್ ಹೆಚ್ಚುಕಡಿಮೆ ಇಡೀ ದಿನ ನಡೆಯಿತು. ಹೊಲಿಗೆಗಳು ಸೋರಲಿಲ್ಲ, ಜ್ವರ ಬರಲಿಲ್ಲ, ಅತ್ತೆ ಮನೆಗೆ ಬಂದರು. ಗೆದ್ದೆವು ಅಂದುಕೊಂಡೆ. ಆದರೆ ಡಾಕ್ಟರು ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಕಣ್ಣಿಗೆ ಕಾಣದ ಚೂರುಪಾರು ಒಳಗೆ ಉಳಿದಿರಬಹುದು, ಅದಕ್ಕೆ ಕೀಮೋ ಕೊಡಲೇಬೇಕು. ಕೀಮೋ ತಾಳಿಕೊಳ್ಳಲು ಮೈಯಲ್ಲಿ ಕಸುವು ಬೇಕು. ಎರಡೆರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ಊಟ, ಪ್ರತಿ ಊಟಕ್ಕೂ ಅನ್ನ ಅರಗಿಸುವ ಕ್ಯಾಪ್ಸೂಲ್. ತೂಕ ಏರದಿದ್ದರೆ ಕೀಮೋ ಇಲ್ಲ, ತೀರಾ ತಡವಾದರೆ ಅದರಿಂದ ಅಷ್ಟು ಪ್ರಯೋಜನವೂ ಇಲ್ಲ.

ಇನ್ನೇನು, ಮನೆಗೆ ಬಂದ ದಿನವೇ ತಟ್ಟೆ ತಂದು ಅವರ ಮುಂದಿಟ್ಟು, ಮೊದಲು ನೀವು ಉಣ್ಣಿ ಅತ್ತೆ ಎಂದೆ. ಅವರು ತಟ್ಟೆಯನ್ನು ಒಂದು ಗಳಿಗೆ ದಿಟ್ಟಿಸಿ ಪಕ್ಕಕ್ಕೆ ಸರಿಸಿದರು. ನೀವೆಲ್ಲ ಉಣ್ಣಿ, ಆಮೇಲೆ ನೋಡೋಣ. ಗೋಗರೆದೆ, ಕಣ್ಣು ಕೆಂಪಗೆ ಮಾಡಿದೆ, ಕೂಗಾಡಿದೆ. ಜಪ್ಪಯ್ಯ ಅಂದರೂ ಒಂದು ಅಗುಳು ಮುಟ್ಟಲಿಲ್ಲ. ವಾರದೊಳಗೆ ತೂಕ ಇನ್ನಷ್ಟು ಇಳಿಯಿತು. ನನಗೆ ತಲೆ ಕೆಟ್ಟು ಹೋಯಿತು.

ಆಗ ನನ್ನ ಗಂಡನಿಗೆ ಒಂದು ಮಹಾ ಉಪಾಯ ಹೊಳೆಯಿತು: ನಾವೂ ಎರಡೆರಡು ಗಂಟೆಗೊಮ್ಮೆ ಉಂಡುಬಿಟ್ಟರೆ ಅವರ ಕಟ್ಟೂ ಮುರಿಯುವುದಿಲ್ಲ, ಡಾಕ್ಟರ ಮಾತೂ ನಡೆಯುತ್ತದೆ. ನಾನು ರಜೆ ಹಾಕಿ ಮನೆಯಲ್ಲಿ ಕೂತೆ. ಇಡ್ಲಿ ತಿಂದೆ, ಗಂಜಿ ಕುಡಿದೆ, ಮೊಸರನ್ನ ಉಂಡೆ, ಮತ್ತೆ ಇಡ್ಲಿ ತಿಂದೆ. ನಾನು ಕೈ ತೊಳೆಯುವ ತನಕ ಅತ್ತೆ ಎದುರಿಗೆ ಕೂತು ಕಾಯುವುದು. ಮಗನದು ಫೋನಿನಲ್ಲಿ ಹಾಜರಿ. ಬರೀ ಉಂಡೆ ಎಂದರೆ ನಂಬುವವರಲ್ಲ, ಅಗಿಯುವ ಸದ್ದು ಕೇಳಿಸಬೇಕು. ಒಮ್ಮೆ ಇವರು ಮೀಟಿಂಗಿನಲ್ಲಿ ಒಂದು ಕಿವಿಗೆ ಅಮ್ಮನ ಫೋನು ಹಿಡಿದು ಚಕ್ಕುಲಿ ಕಡಿದರಂತೆ. ಲೈನಿನಲ್ಲಿ ಏನೋ ಮುರಿದ ಸದ್ದು ಬರುತ್ತಿದೆ ಎಂದು ಆ ಕಡೆಯ ಅಮೆರಿಕದವರು ಗಾಬರಿಯಾದರಂತೆ.

ಇಷ್ಟೆಲ್ಲ ಮಾಡಿದರೆ ಅತ್ತೆ ಉಣ್ಣುತ್ತಿದ್ದದ್ದು ಎರಡು ಚಮಚ. ನನ್ನ ಚೂಡಿದಾರ್‌ಗಳೆಲ್ಲ ಬಿಗಿಯಾಗಿ, ಸುಲ್ತಾನ್ ಬಜಾರಿಗೆ ಹೋಗಿ ದೊಡ್ಡ ಅಳತೆಯವನ್ನು ತಂದೆ. ಅವರ ರವಿಕೆಗಳು ಮಾತ್ರ ಭುಜದಿಂದ ಜಾರುತ್ತಿದ್ದವು. ಪ್ರತಿ ಸಲ ತೋರಿಸಲು ಹೋದಾಗಲೂ ಡಾಕ್ಟರು ತಲೆ ಅಲ್ಲಾಡಿಸುತ್ತಿದ್ದರು. ಮುಂದಿನ ಸಲವೂ ಹೀಗೇ ಇದ್ದರೆ ಕೀಮೋದ ಆಸೆ ಬಿಡಿ ಎಂದುಬಿಟ್ಟರು. ನಾನು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಕಡೆಗೆ ನನ್ನ ಹೊಟ್ಟೆಯೇ ಮುಷ್ಕರ ಹೂಡಿತು. ಬೆಳಿಗ್ಗೆಯಿಂದ ವಾಂತಿ, ಎದ್ದು ನಿಲ್ಲಲಾಗದು. ಗಂಡ ಆಫೀಸಿಗೆ ಹೋಗಿದ್ದರು. ಊಟದ ಹೊತ್ತಾದಾಗ ಅತ್ತೆ ಬಾಗಿಲಲ್ಲಿ ನಿಂತು, ನೀನು ಏನಾದರೂ ಬಾಯಿಗೆ ಹಾಕಿಕೊಂಡೆಯಾ ಎಂದು ಕೇಳಿದರು. ನನಗೆ ಎಲ್ಲಿತ್ತೋ ಸಿಟ್ಟು.

"ನನ್ನ ಹತ್ರ ಇನ್ನೊಂದು ಹೊಟ್ಟೆ ಇಲ್ಲ ಅತ್ತೆ. ನಿಮಗೆ ಬದುಕೋ ಮನಸ್ಸಿದೆಯಾ ಇಲ್ವಾ, ಅದನ್ನ ಹೇಳಿಬಿಡಿ."

ಅವರು ಬಂದು ಹಾಸಿಗೆಯ ಅಂಚಿಗೆ ಕೂತರು. ಸ್ವಲ್ಪ ಹೊತ್ತು ನನ್ನ ಕಾಲು ಒತ್ತಿದರು.

"ಮನ್ಯಾಗ ಯಾರೂ ಉಣ್ಣೂಕಿಂತ ಮೊದಲ ಎಡಿ ಯಾರಿಗೆ ಇಡ್ತೀವಿ ಹೇಳು. ಸತ್ತ ಹಿರ್‍ಯಾರಿಗೆ. ದವಾಖಾನಿಂದ ಬಂದ ದಿನ ನೀ ನನ್ನ ಮುಂದ ತಾಟು ಇಟ್ಟು, ಮೊದಲ ನೀವು ಉಣ್ರಿ ಅಂದಿ. ನನಗ ಎಡಿ ಇಟ್ಟಂಗಾತು. ಭಾಳ ಅಂಜಿಕಿ ಬಂತವ್ವ. ಅವತ್ತಿಂದ ತುತ್ತು ಗಂಟಲದಾಗ ಇಳೀವಲ್ದು."

ಇಷ್ಟು ದಿನ ನಾನು ಹಠ ಅಂದುಕೊಂಡದ್ದು ಸಾವಿನ ಭಯ. ದಿಂಬಿಗೆ ಒರಗಿ ಕೂತು ಹೇಳಿದೆ.

"ಹಾಗಾದ್ರೆ ಇನ್ನು ನಾನು ಬಡಿಸಲ್ಲ. ನೀವೇ ಹೋಗಿ ಬಡಿಸ್ಕೊಳ್ಳಿ. ಸತ್ತವರು ಯಾರಾದ್ರೂ ತಾವೇ ಎದ್ದು ಬಡಿಸ್ಕೊಂಡಿದ್ದು ನೋಡಿದೀರಾ?"

ಅತ್ತೆ ಮೊಣಕಾಲಿಗೆ ಕೈಯೂರಿ ಎದ್ದು ಅಡುಗೆಮನೆಗೆ ಹೋದರು. ಪಾತ್ರೆಯ ಮುಚ್ಚಳ ತೆಗೆದ ಸದ್ದು, ಸೌಟಿನ ಸದ್ದು. ಮೆತ್ತಗಿನ ಅನ್ನ, ತೊವ್ವೆ ಹಾಕಿಕೊಂಡು ಬಂದು ನನ್ನ ಎದುರಿಗೇ ಕೂತರು. ಕ್ಯಾಪ್ಸೂಲ್ ನುಂಗಿ ಅನ್ನ ಕಲಸಿದರು.

"ನಿನ್ನ ಬಿಟ್ಟು ಉಣ್ಣಾಕತ್ತೀನಿ ನೋಡವ್ವ," ಎಂದರು.

ಉಣ್ಣಿ ಎಂದೆ. ನನ್ನ ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ. ಅವರು ತಲೆ ತಗ್ಗಿಸಿ ಒಂದೊಂದೇ ತುತ್ತು ನಿಧಾನವಾಗಿ ಅಗಿದು ತಟ್ಟೆ ಬರಿದು ಮಾಡಿದರು. ಬರಿದಾದ ತಟ್ಟೆಯನ್ನು ನೋಡಿ, ಇನ್ನೊಂದಿಷ್ಟು ಬೇಕು ಅಂದರು. ತಡೀರಿ ತರ್ತೀನಿ ಎಂದು ನಾನು ಏಳಹೋದೆ. ಅವರು ಆಗಲೇ ಎದ್ದಾಗಿತ್ತು.

"ನೀ ಸುಮ್ನ ಮಲ್ಕೋ. ನಾನ ಹಾಕ್ಕೊಂತೀನಿ."