ಹಿತ್ತಲ ಬಾಗಿಲಿನ ಆಫೀಸು

ರಾಣೆಬೆನ್ನೂರಿನ ನಮ್ಮ ನೆರೆಯವರು ದಿನಾ ರೈಲಿನಲ್ಲಿ ಹುಬ್ಬಳ್ಳಿಯ ಆಫೀಸಿಗೆ ಹೋಗುತ್ತಿದ್ದರು. ಇನ್ನು ಕಾಯಂ ಮನೆಯಿಂದಲೇ ಕೆಲಸ ಎಂದು ಕಂಪನಿ ಹೇಳಿದ ಮೇಲೂ ಇಸ್ತ್ರಿ ಅಂಗಿ, ಬೂಟು ಹಾಕಿ, ಡಬ್ಬಿ ಹಿಡಿದು, "ಆಫೀಸಿಗೆ ಹೊಂಟೇನ್ರೀ" ಎಂದು ಓಣಿಗೆಲ್ಲ ಕೂಗಿ, ಒಂದು ಸುತ್ತು ಹೊಡೆದು, ಹಿತ್ತಲ ಬಾಗಿಲಿನಿಂದ ತಮ್ಮ ಕೋಣೆ ಸೇರುತ್ತಿದ್ದರು. ಸಂಜೆ ಅದೇ ದಾರಿಯಲ್ಲಿ ವಾಪಸ್ಸು.

ಒಂದು ಮಧ್ಯಾಹ್ನ ಅವರ ಮನೆಯಲ್ಲಿ ನಾನು ಬಿಸಿಬಿಸಿ ಮಿರ್ಚಿ ಭಜಿ ತಿನ್ನುತ್ತಿದ್ದೆ. ಘಮ ಕೋಣೆಗೂ ಹೋಗಿರಬೇಕು, ಅವರ ಹೆಂಡತಿಯ ಫೋನು ರಿಂಗಾಯಿತು. ಗಂಡನ ದನಿ ಫೋನಿನಿಂದಲೂ ಗೋಡೆಯಾಚೆಯಿಂದಲೂ ಒಟ್ಟಿಗೇ ಕೇಳಿತು: "ಅರ್ಧಾ ದಿನ ರಜಾ ತಗೊಂಡು ಮನೀಗೆ ಹೊಂಟೇನಿ. ನನಗೂ ನಾಕು ಮಿರ್ಚಿ ಇಡು."

ಹಿತ್ತಲ ಬಾಗಿಲು ಕಿರುಗುಟ್ಟಿತು. ಆಕೆ ಉಳಿದ ಮಿರ್ಚಿಗಳ ತಾಟನ್ನು ನನ್ನತ್ತ ಸರಿಸಿದರು.

"ಲಗೂ ಲಗೂ ತಿನ್ರಿ. ಅವರು ಇನ್ನೂ ದಾರ್ಯಾಗ ಅದಾರ."