ಸ್ವರಕ್ಕೊಂದು ಚುಕ್ಕಿ

ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಹಗಲೆಲ್ಲ ಬ್ಯಾಂಕುಗಳಿಗೆ ಪ್ರೋಗ್ರಾಂ ಬರೆಯುವ ನಮ್ಮ ಪರಮಾನಂದರ ನಿಜವಾದ ಉದ್ಯೋಗವೇ ಬೇರೆ. ಸರಿಗಮವನ್ನು ಕನ್ನಡದಲ್ಲಿ ಬರೆದು ಅಚ್ಚು ಹಾಕಲು ಅವರು 2005ರಲ್ಲಿ ಒಂದು ತಂತ್ರಾಂಶ ಶುರು ಮಾಡಿದರು. "ಪುಕ್ಕಟೆ ತಾನೇ ಸಾರ್?" ಎಂದು ಯಾರಾದರೂ ಕೇಳಿದರೆ ಮುಗಿಯಿತು, "ಪುಕ್ಕಟೆ ಅಲ್ಲ ಕಣ್ರೀ, ಮುಕ್ತ! ನೀವೂ ಕೂತ್ಕೊಂಡು ತಿದ್ಬಹುದು!" ಎಂದು ಹಿಡಿದುಕೊಂಡವರು ಕ್ಯಾಂಟೀನಿನ ಕಾಫಿ ಆರುವವರೆಗೂ ಬಿಡುತ್ತಿರಲಿಲ್ಲ. ಹಾಗೆ ತಿದ್ದಲು ಬಂದವರು ಇಬ್ಬರೇ. ಅವರಲ್ಲಿ ಧಾರವಾಡದ ಸಿದ್ರಾಮ ತಾಳದ ಗುರುತಿನ ವಿಷಯಕ್ಕೆ ಜಗಳವಾಡಿ ತನ್ನದೇ ಬೇರೆ ತಂತ್ರಾಂಶ ಕಟ್ಟಿದ. ಇನ್ನೊಬ್ಬ ಇವರಿಬ್ಬರನ್ನು ರಾಜಿ ಮಾಡಿಸಲೆಂದು ಮೂರನೆಯದನ್ನು ಕಟ್ಟಿದ. ಹತ್ತು ವರ್ಷವಾದರೂ ಪರಮಾನಂದರದು ಮಾತ್ರ ಬಿಡುಗಡೆಯಾಗಲಿಲ್ಲ. "ಸ್ವರದ ಮೇಲೆ ಚುಕ್ಕಿ ಇದ್ರೆ ಮೇಲಿನ ಸ್ಥಾಯಿ, ಕೆಳಗಿದ್ರೆ ಕೆಳಗಿನ ಸ್ಥಾಯಿ. ಮೇಲಿನ ಚುಕ್ಕಿ ಒಂದೊಂದ್ಸಲ ಕೆಳಗೆ ಬಂದ್ಬಿಡುತ್ತೆ, ಅದೊಂದು ಸರಿಹೋಗ್ಲಿ" ಎನ್ನುತ್ತಿದ್ದರು. "ಒಂದು ಚುಕ್ಕಿಗೆ ಏನ್ ಮುಳುಗೋಗುತ್ತೆ ಗುರುಗಳೇ?" ಎಂದು ನಾವು ನಗುತ್ತಿದ್ದೆವು. ಒಂದು ಭಾನುವಾರ ಹೂಡಿಯ ಅವರ ಮನೆಗೆ ಹೋದೆ. ಅವರ ಹೆಂಡತಿ ನೀಲಾಂಬಿಕಾ ಸಂಗೀತ ಹೇಳಿಕೊಡುವವರು. ತಂತ್ರಾಂಶ ಶುರುವಾದ ವರ್ಷವೇ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಗಿತ್ತೆಂಬುದು ನನಗೆ ಗೊತ್ತಾದದ್ದು ಅಂದೇ. ಹಾಡಿ ತೋರಿಸಬೇಕಾದ್ದನ್ನು ಅವರು ಗಂಡನ ಆ ತಂತ್ರಾಂಶದಲ್ಲೇ ಬರೆದುಕೊಡುತ್ತಿದ್ದರು, ಶಿಷ್ಯೆಯರು ಅದನ್ನು ನೋಡಿ ಹಾಡುತ್ತಿದ್ದರು. ಒಬ್ಬಳು ಮೇಲೇರಬೇಕಾದ ಕಡೆ ಥಟ್ಟನೆ ಕೆಳಗಿನ ಷಡ್ಜಕ್ಕೆ ಇಳಿದಳು. ನೀಲಾಂಬಿಕಾ ಬಾಯಿ ತೆರೆದರು, ಏನೂ ಬರಲಿಲ್ಲ. ಪರಮಾನಂದರು ಒಳಗಿನಿಂದ ಓಡಿಬಂದು, "ನಿಂದು ತಪ್ಪಿಲ್ಲ ಕಣಮ್ಮಾ. ಮೇಡಂ ಮೇಲೇನೇ ಹಾಡಿದ್ರು, ನಾನು ಕೆಳಗೆ ಕೇಳಿಸ್ಬಿಟ್ಟೆ" ಎಂದರು.