ಅವ್ವ ತಡೆದ ಬಾಣಂತಿ ಗಾಡಿ

ಕಳೆದ ಗುರುವಾರ ಮಧ್ಯಾಹ್ನ ನಮ್ಮವ್ವ ಸರ್ಕಾರಿ ಗಾಡಿಯೊಂದನ್ನು ತಡೆದು ನಿಲ್ಲಿಸಿದಳು. ಧರಣಿ ಕೂತಲ್ಲ, ಪಂಚಾಂಗ ಹೇಳಿ.

ನನ್ನ ತಂಗಿಯ ಮಗಳು ಸುಮಾಗೆ ಹೆರಿಗೆಯಾಗಿತ್ತು. ಸರ್ಕಾರಿ ಆಸ್ಪತ್ರೆ (ಹೆಸರು ಬೇಡ, ಬೈಯಲು ಬರೆಯುತ್ತಿಲ್ಲ). ಹೆರಿಗೆ ಫ್ರೀ, ಔಷಧಿ ಫ್ರೀ, ತಾಯಿ-ಮಗುವನ್ನು ನಮ್ಮೂರು ಕೈಲಾಂಚದ ಮನೆ ಬಾಗಿಲಿಗೆ ಬಿಡುವ ಗಾಡಿಯೂ ಫ್ರೀ. ಡಿಸ್ಚಾರ್ಜ್ ಮುಗಿದು, ಸುಮಾ ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೊರಬರುವಷ್ಟರಲ್ಲಿ ಒಂದೂವರೆ.

“ರಾಹುಕಾಲ. ಮೂರರ ತಂಕ ಕೂಸು ಹೊರಡಂಗಿಲ್ಲ,” ಎಂದಳು ಅವ್ವ.

“ಅಜ್ಜಿ, ಇರೋದು ಒಂದೇ ಗಾಡಿ. ನಿಮ್ಮನ್ನ ಬುಟ್ಟು ಬಂದು ಅವ್ರನ್ನ ಕರ್ಕೊಂಡೋಗ್ಬೇಕು,” ಎಂದು ಡ್ರೈವರ್ ಬೆಂಚಿನ ಕಡೆ ಕೈ ತೋರಿಸಿದ.

ನಾನು ಬಾಯಿ ತೆರೆದೆ.

“ನೀನ್ ಸುಮ್ಕಿರ್ಲಾ. ಪೇಪರ್‌ನಲ್ಲಿ ಬರಿಯೋದೆಲ್ಲ ಇಲ್ಲಿ ಬ್ಯಾಡ,” ಎಂದಳು ಅವ್ವ.

ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. (ಓದುಗರಿಗೆ ಬುದ್ಧಿ ಹೇಳುವುದು ಸುಲಭ.)

ಬೆಂಚಿನ ಮೇಲೆ ಒಬ್ಬ ಬಾಣಂತಿ ಒಂದು ಮಗ್ಗುಲಿಗೆ ವಾಲಿ ಕೂತಿದ್ದಳು. ಸಿಜೇರಿಯನ್. ಮಡಿಲಲ್ಲಿ ಮಗು. ಇನ್ನೂ ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ ಅವಳ ತಾಯಿ, ಬಸ್ಸಿಗೆ ಹೋಗೋಣವಾ ಎಂದು ಕೇಳಿದಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಬಸ್ಸಿನಲ್ಲಿ?

ಅವ್ವನಿಗೂ ಹಾಗೇ ಅನ್ನಿಸಿರಬೇಕು. “ಯಾವೂರವ್ವ?” ಎಂದು ಆ ತಾಯಿಯನ್ನು ಕೇಳಿದಳು.

“ಹೊಂಗನೂರು.”

“ನೀವು ರಾಹುಕಾಲ ನೋಡಲ್ವಾ?”

“ನಮ್ಗೆ ರಾಹುನೂ ಇಲ್ಲ, ಕೇತುನೂ ಇಲ್ಲ. ಮಗಳು ಮನ್ಗೋಗಿ ಒಸಿ ಮಲಗಿದ್ರೆ ಸಾಕು.”

ಅವ್ವ ಡ್ರೈವರ್ ಕಡೆ ತಿರುಗಿದಳು. “ಮೊದ್ಲು ಇವ್ರನ್ನ ಬುಟ್ಟು ಬಾರಪ್ಪ. ನಾವು ಕಾಯ್ತೀವಿ.”

ಪಂಚಾಂಗದಿಂದ ಯಾರಿಗಾದರೂ ಉಪಕಾರವಾದದ್ದನ್ನು ನಾನು ಕಂಡದ್ದು ಇದೇ ಮೊದಲು. ಅವ್ವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಕಾಯುತ್ತಾ ಕೂತವನಿಗೆ ಯೋಚನೆ ಬಂತು. ಫ್ರೀ ಅಂದರೆ ನಮಗೆ ಮಾತ್ರ ಫ್ರೀ. ಬಜೆಟ್‌ನಲ್ಲಿ ಓದಿದ ದುಡ್ಡು ಆಸ್ಪತ್ರೆಯ ಗೇಟು ದಾಟಿ ಒಳಗೆ ಬಂದರೆ ತಾನೇ ಡೀಸೆಲ್ಲು, ಟೈರು, ಡ್ರೈವರ್ ಸಂಬಳ? ಒಂದು ಮದುವೆಗೆ ಸಾಲುಗಟ್ಟಿ ಕಾರು ನಿಲ್ಲಿಸುತ್ತೇವೆ. ಇಷ್ಟು ಜನ ಬಾಣಂತಿಯರಿಗೆ ಒಂದೇ ಗಾಡಿಯೇ?

ಗಾಡಿ ವಾಪಸ್ ಬಂದಾಗ ಮೂರು ದಾಟಿತ್ತು. ಹತ್ತುವಾಗ ಅವ್ವನ ಕಣ್ಣು ಹೊಂಗೆ ಮರದ ಕೆಳಗೆ ಹೋಯಿತು. ಅಲ್ಲಿ ಇಂಥದೇ ಇನ್ನೊಂದು ಗಾಡಿ, ಬಾನೆಟ್ ತುಂಬ ತರಗೆಲೆ.

“ಅದ್ಯಾಕಪ್ಪ ನಿಂತೈತೆ?”

“ರಿಪೇರಿಗೆ ಹಣ ಬಂದಿಲ್ಲ ಅಜ್ಜಿ. ಮಳೆಗಾಲದಿಂದ ಹಂಗೇ ಐತೆ.”

ಅವ್ವ ಮಗುವಿನ ಟೋಪಿ ಸರಿಮಾಡುತ್ತಾ ಕೇಳಿದಳು: “ನಮ್ ರಾಹುಕಾಲ ಮೂರಕ್ಕೆ ಮುಗೀತು. ಅದ್ಕೆ ಹಿಡ್ದಿರೋದು ಯಾವಾಗಪ್ಪ ಮುಗಿಯೋದು?”